ನೆಲ ನೋಡಿದ ನ್ಯಾಯಾಧೀಶರು

ಯೆಹೂದಿ ಪಂಡಿತರ ಧರ್ಮಚರ್ಚೆಗಳ ದೊಡ್ಡ ಸಂಗ್ರಹ ತಾಲ್ಮುಡ್‌ನ ಸನ್ಹೆದ್ರಿನ್ ಎಂಬ ಭಾಗದಲ್ಲಿ ಒಂದು ಸಣ್ಣ ನಿಯಮ ಬರುತ್ತದೆ. ವರ್ಷಕ್ಕೆ ಅಧಿಕ ಮಾಸ ಸೇರಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಪೀಠದಲ್ಲಿ ಅರಸನೂ ಕೂರಬಾರದು, ಮಹಾಯಾಜಕನೂ ಕೂರಬಾರದು. ಇದನ್ನು ಓದಿ ತುಂಬಾ ಕಾಲವಾಯಿತು. ಆದರೂ ಬಸ್ಸಿನಲ್ಲಿ ಕೂತಾಗ, ಪೇಪರ್ ಓದುವಾಗ, ಸುಮ್ನೆ ಮತ್ತೆ ಮತ್ತೆ ನೆನಪಾಗುತ್ತದೆ. ನಿಯಮಕ್ಕಿಂತ ಜಾಸ್ತಿ ಕಾಡುವುದು ಅದಕ್ಕೆ ಕೊಟ್ಟ ಕಾರಣ.

ಯೆಹೂದಿಗಳ ಪಂಚಾಂಗ ಹೆಚ್ಚು ಕಡಿಮೆ ನಮ್ಮದರ ಹಾಗೇ. ತಿಂಗಳಿಗೆ ಚಂದ್ರನ ಲೆಕ್ಕ, ಋತುವಿಗೆ ಸೂರ್ಯನ ಲೆಕ್ಕ. ಎರಡನ್ನೂ ಹೊಂದಿಸಲು ಆಗಾಗ ಒಂದು ತಿಂಗಳು ಸೇರಿಸಬೇಕು. ಈಗ ಅದಕ್ಕೊಂದು ಸೂತ್ರವಿದೆ, ಹಿಂದೆ ಇರಲಿಲ್ಲ. ಹೊಲದಲ್ಲಿ ಜವೆಗೋಧಿಯ ತೆನೆ ಎಷ್ಟು ಬಲಿತಿದೆ, ಮರದ ಹಣ್ಣು ಯಾವ ಹಂತಕ್ಕೆ ಬಂದಿದೆ, ಹಗಲು ರಾತ್ರಿ ಸಮ ಆಗುವುದು ಯಾವಾಗ ಎಂದು ನೋಡಿ ನ್ಯಾಯಪೀಠ ಹೇಳಬೇಕಿತ್ತು. ಅದರಲ್ಲಿ ಅರಸ ಯಾಕೆ ಬೇಡ? ಅವನು ಸೈನಿಕರಿಗೆ ಸಂಬಳ ಕೊಡುವುದು ವರ್ಷದ ಲೆಕ್ಕದಲ್ಲಿ. ವರ್ಷಕ್ಕೆ 13 ತಿಂಗಳಾದರೆ ಒಂದು ತಿಂಗಳ ಸಂಬಳ ಅವನ ಖಜಾನೆಯಲ್ಲೇ ಉಳಿಯುತ್ತದೆ. ಮಹಾಯಾಜಕ ಯಾಕೆ ಬೇಡ? ಪಾಪಕ್ಷಮೆ ಬೇಡುವ ಯೋಮ್ ಕಿಪ್ಪುರ್ ದಿನ ಅವನು 5 ಸಲ ನೀರಿನಲ್ಲಿ ಮುಳುಗಿ ಏಳಬೇಕು. ತಿಂಗಳು ಸೇರಿಸಿದರೆ ಆ ದಿನ ಚಳಿಗಾಲದ ಹತ್ತಿರಕ್ಕೆ ಸರಿಯುತ್ತದೆ. ನೀರು ಕೊರೆಯುತ್ತದೆ. ಆದ್ದರಿಂದ ಅವನು ಬೇಡ ಅನ್ನಬಹುದು.

ಅರಸ ದುಷ್ಟ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಯಾಜಕನ ಭಕ್ತಿಯ ಬಗ್ಗೆ ಯಾರಿಗೂ ಅನುಮಾನವಿಲ್ಲ. ಒಬ್ಬನಿಗೆ ದುಡ್ಡಿನ ಆಸೆ, ಇನ್ನೊಬ್ಬನಿಗೆ ತಣ್ಣೀರಿನ ಭಯ. ಎರಡೂ ಮನುಷ್ಯರಿಗೆ ಇರುವಂಥದ್ದೇ. ಇಷ್ಟನ್ನು ಒಪ್ಪಿಕೊಂಡು, ಆ ಕುರ್ಚಿಯಿಂದ ಇಬ್ಬರನ್ನೂ ಏಳಿಸಿದ್ದಾರೆ. ಅಧಿಕಾರವನ್ನು ಯಾಕೆ ಬೇರೆ ಬೇರೆ ಕೈಗೆ ಹಂಚಬೇಕು ಎಂಬುದಕ್ಕೆ ಇಷ್ಟು ಸರಳವಾದ, ಇಷ್ಟು ನಿಜವಾದ ಕಾರಣವನ್ನು ನಾನು ಬೇರೆಲ್ಲೂ ಓದಿಲ್ಲ.

ನಾಲ್ಕು ಹುದ್ದೆ

ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಈ ಮೂರನ್ನು ಹಿಡಿದುಕೊಂಡು ಯೆಹೂದಿ ಧರ್ಮಶಾಸ್ತ್ರಕ್ಕೆ, ಅಂದರೆ ಹಲಾಖಾಕ್ಕೆ, ಹೋದರೆ ಮೊದಲ ಹೆಜ್ಜೆಯಲ್ಲೇ ತೊಡಕು. ಅಲ್ಲಿ ಶಾಸಕಾಂಗವೇ ಇಲ್ಲ. ಕಾನೂನು ದೇವರಿಂದ ಸೀನಾಯ್ ಬೆಟ್ಟದಲ್ಲಿ ಬಂದಾಗಿದೆ. ಅದನ್ನು ಅರ್ಥೈಸುವುದು, ಅದರ ಸುತ್ತ ಬೇಲಿಯಂತೆ ಹೊಸ ಕಟ್ಟಳೆ ಹಾಕುವುದು, ಎರಡೂ ಪಂಡಿತರ ಪೀಠದ ಕೆಲಸ. ಹಾಗಾದರೆ ಹಂಚಿದ್ದು ಏನನ್ನು?

ಬೈಬಲ್ಲಿನ ಧರ್ಮೋಪದೇಶಕಾಂಡದ 16ನೇ ಅಧ್ಯಾಯದ ಕೊನೆಯಿಂದ 18ರ ತನಕ ಒಮ್ಮೆ ಓದಿ ನೋಡಿ. ನ್ಯಾಯಾಧೀಶರು, ಅರಸ, ಯಾಜಕರು ಮತ್ತು ಅವರದೇ ಕುಲದ ಲೇವಿಯರು, ಪ್ರವಾದಿ ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಯಾಜಕನ ಕೈಯಲ್ಲಿ ಬಲಿಪೀಠವಿದೆ, ಆದರೆ ಅವನ ಕುಲಕ್ಕೆ ಭೂಮಿಯ ಪಾಲಿಲ್ಲ. ಅರಸನಿಗೆ ಸೈನ್ಯವಿದೆ, ಬಲಿಪೀಠವಿಲ್ಲ. ನ್ಯಾಯಾಧೀಶನಿಗೆ ತೀರ್ಪಿನ ಮಾತಿದೆ, ಸೈನ್ಯವಿಲ್ಲ. ಪ್ರವಾದಿಗೆ ಇದ್ಯಾವುದೂ ಇಲ್ಲ, ಆದರೆ ಅರಮನೆಯೊಳಗೆ ಹೋಗಿ ಅರಸನ ಮುಖಕ್ಕೆ ಹೇಳುವ ಹಕ್ಕಿದೆ. ಹಾಗೆಂದು ಅವನೂ ದೇವರ ಹೆಸರು ಹೇಳಿ ಹೊಸ ಕಾನೂನು ತರುವ ಹಾಗಿಲ್ಲ. ತಂದರೆ ಸುಳ್ಳು ಪ್ರವಾದಿ ಅನ್ನಿಸಿಕೊಳ್ಳುತ್ತಾನೆ.

ಅರಸನ ಬಗ್ಗೆ ಇರುವ ಸಾಲುಗಳು ವಿಚಿತ್ರ. ಅವನು ಏನು ಮಾಡಬಹುದು ಎಂದು ಅಲ್ಲಿ ಹೇಳಿಯೇ ಇಲ್ಲ. ಕುದುರೆ ಜಾಸ್ತಿ ಇಟ್ಟುಕೊಳ್ಳಬಾರದು, ಹೆಂಡತಿಯರು ಜಾಸ್ತಿ ಇರಬಾರದು, ಬೆಳ್ಳಿ ಬಂಗಾರ ಕೂಡಿಡಬಾರದು. ಸೈನ್ಯ, ರಾಜಮನೆತನಗಳ ಸಂಬಂಧ, ಖಜಾನೆ, ಆ ಕಾಲದ ಅರಸನ ಬಲವೆಲ್ಲ ಈ ಮೂರರಲ್ಲೇ ಇತ್ತು. ಕೊನೆಗೆ ಒಂದು ಕೆಲಸ ಹಚ್ಚುತ್ತಾರೆ. ಸಿಂಹಾಸನದ ಮೇಲೆ ಕೂತ ಮೇಲೆ ಧರ್ಮಶಾಸ್ತ್ರದ ಒಂದು ಪ್ರತಿ ಬರೆದಿಟ್ಟುಕೊಳ್ಳಬೇಕು, ಬದುಕಿರುವ ತನಕ ದಿನಾ ಓದಬೇಕು. ತನ್ನ ಸಹೋದರರಿಗಿಂತ ತಾನು ದೊಡ್ಡವನು ಅನ್ನಿಸಬಾರದಲ್ಲ, ಅದಕ್ಕೆ.

ಮುಂದೆ ಸುಮಾರು ಕ್ರಿ.ಶ. 200ರಲ್ಲಿ ಪಂಡಿತರ ಬಾಯಿಮಾತಿನ ನಿಯಮಗಳನ್ನು ಒಟ್ಟುಗೂಡಿಸಿದ ಗ್ರಂಥ ಮಿಷ್ನಾ ಇದನ್ನು ಕೆಲಸದ ಮಟ್ಟಕ್ಕೆ ಇಳಿಸುತ್ತದೆ. ಅರಸ ತನ್ನ ಇಷ್ಟಕ್ಕೆ ಯುದ್ಧ ಹೂಡಬೇಕಾದರೆ 71 ಜನರ ಮಹಾಪೀಠ ಒಪ್ಪಬೇಕು. ಯೆರೂಸಲೇಮಿನ ಎಲ್ಲೆ ದೊಡ್ಡದು ಮಾಡಬೇಕಾದರೂ ಅವರೇ ಒಪ್ಪಬೇಕು. ಮಹಾಯಾಜಕನ ಮೇಲೆ ಕೊಲೆಯ ಆರೋಪ ಬಂದರೆ ಅವರೇ ವಿಚಾರಿಸಬೇಕು. ಆ ಪೀಠ ಕೂರುವ ರೀತಿಯೂ ಕಣ್ಣಿಗೆ ಕಟ್ಟುವ ಹಾಗೆ ಬರೆದಿದ್ದಾರೆ. ಕಣದ ಅರ್ಧ ವೃತ್ತದ ಹಾಗೆ ಕೂರಬೇಕು, ಒಬ್ಬರ ಮುಖ ಇನ್ನೊಬ್ಬರಿಗೆ ಕಾಣಬೇಕು. ಪ್ರಾಣ ಹೋಗುವಂಥ ಮೊಕದ್ದಮೆಯಲ್ಲಿ ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಬೇಕು. ಹಿರಿಯರು ಹೇಳಿಬಿಟ್ಟರೆ ಕಿರಿಯರ ಬಾಯಿ ಕಟ್ಟಿಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ಇಷ್ಟೆಲ್ಲ ಬೇಲಿ ಹಾಕಿದ್ದು ಕೆಲಸ ಮಾಡಿತಾ? ಬೈಬಲ್ಲಿನ ನಾಬೋತನ ದ್ರಾಕ್ಷಿತೋಟದ ಕಥೆ ನನಗೆ ಎರಡೂ ಕಡೆಯ ಸಾಕ್ಷಿಯಾಗಿ ಕಾಣುತ್ತದೆ. ಅರಸ ಅಹಾಬನಿಗೆ ಅರಮನೆಯ ಪಕ್ಕದ ತೋಟ ಬೇಕು. ನಾಬೋತ ಅದು ಪಿತ್ರಾರ್ಜಿತ, ಕೊಡಲ್ಲ ಅನ್ನುತ್ತಾನೆ. ಅಹಾಬ ಏನು ಮಾಡುತ್ತಾನೆ ಗೊತ್ತಾ? ಸೈನಿಕರನ್ನು ಕಳಿಸುವುದಿಲ್ಲ. ಮನೆಗೆ ಹೋಗಿ ಮುಖ ತಿರುಗಿಸಿ ಮಲಗುತ್ತಾನೆ, ಊಟ ಬಿಡುತ್ತಾನೆ. ಕೆಟ್ಟವನೆಂದು ಹೆಸರಾದ ಅರಸನಿಗೂ ಬೇರೆಯವರ ತೋಟ ಕಿತ್ತುಕೊಳ್ಳುವ ಅಧಿಕಾರ ತನಗಿಲ್ಲ ಎಂದು ಗೊತ್ತು. ಹೊರಗಿನ ದೇಶದಿಂದ ಬಂದ ರಾಣಿ ಈಜೆಬೆಲ್‌ಗೆ ಇದು ಅರ್ಥವಾಗುವುದಿಲ್ಲ. ಆದರೂ ಅವಳು ಹಿಡಿದ ದಾರಿ ನೋಡಿ. ಊರಿನ ಹಿರಿಯರಿಗೆ ಅರಸನ ಮುದ್ರೆ ಹಾಕಿದ ಪತ್ರ, ಇಬ್ಬರು ಸುಳ್ಳು ಸಾಕ್ಷಿಗಳು, ಒಂದು ವಿಚಾರಣೆ, ಕಲ್ಲೆಸೆದು ಮರಣ. ನ್ಯಾಯಪೀಠವನ್ನು ದಾಟಿ ಹೋಗಲು ಆಗಲಿಲ್ಲ, ಅದಕ್ಕೇ ಅದನ್ನೇ ಆಯುಧ ಮಾಡಿಕೊಂಡಳು. ಆ ಊರಿನ ಹಿರಿಯರಲ್ಲಿ ಒಬ್ಬನಾದರೂ ಪತ್ರ ವಾಪಸ್ ಕಳಿಸಿದ ಎಂದು ಅಲ್ಲಿ ಬರೆದಿಲ್ಲ. ಮಾತಾಡಲು ಕೊನೆಗೆ ಪ್ರವಾದಿ ಎಲೀಯನೇ ಬರಬೇಕಾಯಿತು.

ಯನ್ನಾಯ್ ನ್ಯಾಯಾಲಯಕ್ಕೆ ಬಂದ ದಿನ

ಮಿಷ್ನಾದಲ್ಲಿ ಇನ್ನೊಂದು ಸಾಲಿದೆ. "ಅರಸ ನ್ಯಾಯ ಹೇಳಬಾರದು, ಅವನಿಗೆ ಯಾರೂ ನ್ಯಾಯ ಹೇಳಬಾರದು. ಅವನು ಸಾಕ್ಷಿ ನುಡಿಯಬಾರದು, ಅವನ ವಿರುದ್ಧ ಯಾರೂ ಸಾಕ್ಷಿ ನುಡಿಯಬಾರದು." ಮೊದಲ ಸಲ ಓದಿದಾಗ ಸಿಟ್ಟು ಬಂತು. ತಪ್ಪು ಮಾಡಿದ ಅರಸ ದಾವೀದನ ಮುಂದೆ ನಿಂತು "ನೀನೇ ಆ ಮನುಷ್ಯ" ಎಂದ ಪ್ರವಾದಿ ನಾತಾನನ ಪರಂಪರೆ ಇದು. ಇಲ್ಲೇ ಅರಸ ಕಾನೂನಿನ ಹೊರಗೆ ನಿಲ್ಲುತ್ತಾನಾ?

ತಾಲ್ಮುಡ್‌ಗೂ ಅದೇ ಪ್ರಶ್ನೆ ಬಂದಿದೆ. ಅದರ ಉತ್ತರ ಹೀಗಿದೆ. ದಾವೀದನ ವಂಶದ ಅರಸರು ನ್ಯಾಯ ಹೇಳಬಹುದು, ಅವರ ಮೇಲೂ ವಿಚಾರಣೆ ನಡೆಸಬಹುದು. ಮಿಷ್ನಾದ ಸಾಲು ಇಸ್ರೇಲಿನ ಬೇರೆ ಅರಸರಿಗೆ. ಅದು ಯಾಕೆ ಹಾಗಾಯಿತು? ಒಂದು ಘಟನೆಯಿಂದ.

ಹಿನ್ನೆಲೆ ಸ್ವಲ್ಪ ಬೇಕು. ಅಲೆಕ್ಸಾಂಡರ್ ಯನ್ನಾಯ್ ಕ್ರಿ.ಪೂ. 103ರಿಂದ 76ರ ತನಕ ಯೂದಾಯವನ್ನು ಆಳಿದ ಹಸ್ಮೋನಿಯನ್ ವಂಶದ ಅರಸ. ಅವನು ಅರಸನೂ ಹೌದು, ಮಹಾಯಾಜಕನೂ ಹೌದು. ಎರಡು ಕಿರೀಟ ಒಂದೇ ತಲೆಯ ಮೇಲೆ. ಹಳೆಯ ಅರಸ ಉಜ್ಜೀಯ ಒಂದೇ ಒಂದು ಸಲ ದೇವಾಲಯಕ್ಕೆ ನುಗ್ಗಿ ಧೂಪ ಹಾಕಲು ಹೋಗಿದ್ದ. 80 ಯಾಜಕರು ಅಡ್ಡ ನಿಂತರು, ಅವನ ಹಣೆಯ ಮೇಲೆ ಕುಷ್ಠ ಕಾಣಿಸಿತು, ಸಾಯುವ ತನಕ ಬೇರೆ ಮನೆಯಲ್ಲಿದ್ದ ಎಂದು ಬೈಬಲ್ಲಿನ ಪೂರ್ವಕಾಲವೃತ್ತಾಂತ ಹೇಳುತ್ತದೆ. ಯನ್ನಾಯ್ ಕಾಲಕ್ಕೆ ಅಡ್ಡ ನಿಲ್ಲುವ ಯಾಜಕರೇ ಇಲ್ಲ, ಯಾಕೆಂದರೆ ಯಾಜಕರ ಮುಖ್ಯಸ್ಥ ಅವನೇ. "ಅರಸನ ಕಿರೀಟ ನಿನಗೆ ಸಾಕು, ಯಾಜಕನ ಕಿರೀಟವನ್ನು ಆರೋನನ ಮಕ್ಕಳಿಗೆ ಬಿಡು" ಎಂದು ಒಬ್ಬ ಹಿರಿಯ ಊಟದ ಮನೆಯಲ್ಲಿ ಅವನಿಗೆ ಹೇಳಿದ ಎಂದೂ, ಅದರ ಕೊನೆಗೆ ಪಂಡಿತರ ಕೊಲೆ ಆಯಿತೆಂದೂ ತಾಲ್ಮುಡ್‌ನ ಇನ್ನೊಂದು ಕಡೆ ಬರುತ್ತದೆ. ಹಬ್ಬದ ದಿನ ಬಲಿಪೀಠದ ಮುಂದೆ ನಿಂತಿದ್ದ ಅವನಿಗೆ ಜನ ಕೈಯಲ್ಲಿದ್ದ ಮಾದಲ ಹಣ್ಣು ಎಸೆದರು ಎಂದು ಇತಿಹಾಸಕಾರ ಜೋಸೆಫಸ್ ಬರೆಯುತ್ತಾನೆ. ಅದಕ್ಕೆ ಉತ್ತರವಾಗಿ ಸುಮಾರು 6000 ಜನ ಸತ್ತರು ಎಂದೂ.

ಈಗ ಆ ಘಟನೆ. ಯನ್ನಾಯ್‌ನ ಒಬ್ಬ ಗುಲಾಮ ಕೊಲೆ ಮಾಡುತ್ತಾನೆ. ಪಂಡಿತರ ಮುಖ್ಯಸ್ಥ ಶಿಮೋನ್ ಬೆನ್ ಶೆತಾಖ್ ಜೊತೆಯವರಿಗೆ ಧೈರ್ಯ ಹೇಳುತ್ತಾನೆ, ವಿಚಾರಣೆ ಮಾಡೋಣ ಅನ್ನುತ್ತಾನೆ. ಅರಸ ಗುಲಾಮನನ್ನು ಕಳಿಸುತ್ತಾನೆ. ಅಷ್ಟು ಸಾಲದು, ನೀನೂ ಬರಬೇಕು ಎಂದು ಇವರು ಹೇಳಿ ಕಳಿಸುತ್ತಾರೆ. ಹಾಯುವ ಎತ್ತು ಕೊಂದರೆ ಎತ್ತಿನ ಪಕ್ಕ ಯಜಮಾನನೂ ನಿಲ್ಲಬೇಕು ಎಂಬುದು ತೋರಾದ, ಅಂದರೆ ಮೂಲ ಧರ್ಮಶಾಸ್ತ್ರದ, ನಿಯಮ. ಅರಸ ಬರುತ್ತಾನೆ. ಬಂದು ಕೂರುತ್ತಾನೆ.

ಶಿಮೋನ್ ಹೇಳುತ್ತಾನೆ: "ಯನ್ನಾಯ್ ಅರಸನೇ, ಎದ್ದು ನಿಲ್ಲು. ಸಾಕ್ಷಿಗಳು ನಿನ್ನ ಎದುರು ಹೇಳಲಿ. ನೀನು ನಿಂತಿರುವುದು ನಮ್ಮ ಮುಂದೆ ಅಲ್ಲ, ಮಾತಿನಿಂದ ಲೋಕ ಮಾಡಿದವನ ಮುಂದೆ." ಯನ್ನಾಯ್ ಗದರುವುದಿಲ್ಲ. ಕತ್ತಿಗೆ ಕೈ ಹಾಕುವುದಿಲ್ಲ. ನೀನೊಬ್ಬ ಹೇಳಿದರೆ ಸಾಲದು, ನಿನ್ನ ಜೊತೆಯವರು ಹೇಳಲಿ ಅನ್ನುತ್ತಾನೆ. ಶಿಮೋನ್ ಬಲಕ್ಕೆ ತಿರುಗುತ್ತಾನೆ. ಅವರೆಲ್ಲ ನೆಲ ನೋಡುತ್ತಿದ್ದಾರೆ. ಎಡಕ್ಕೆ ತಿರುಗುತ್ತಾನೆ. ಅವರೂ ನೆಲ ನೋಡುತ್ತಿದ್ದಾರೆ.

ಆಮೇಲೆ ದೇವದೂತ ಗಬ್ರಿಯೇಲ್ ಬಂದು ಆ ಪಂಡಿತರನ್ನು ನೆಲಕ್ಕೆ ಬಡಿದು ಕೊಂದ ಎಂದು ಕಥೆ ಮುಗಿಯುತ್ತದೆ. ಶಿಕ್ಷೆ ಆಗಿದ್ದು ಅರಸನಿಗಲ್ಲ ಎಂಬುದನ್ನು ಗಮನಿಸಬೇಕು. ಆ ಹೊತ್ತಿಗೇ ನಿಯಮ ಮಾಡಿದರಂತೆ, ಇನ್ನು ಮುಂದೆ ಅರಸ ನ್ಯಾಯ ಹೇಳಬಾರದು, ಅವನಿಗೂ ಹೇಳಬಾರದು ಎಂದು.

ಹೆರೋದನ ಬಗ್ಗೆ ಜೋಸೆಫಸ್ ಇಂಥದ್ದೇ ಒಂದು ಸಂಗತಿ ಹೇಳುತ್ತಾನೆ. ಗಲಿಲಾಯದಲ್ಲಿ ವಿಚಾರಣೆ ಇಲ್ಲದೆ ಜನರನ್ನು ಕೊಂದ ಆರೋಪದ ಮೇಲೆ ಯುವಕ ಹೆರೋದ ನೇರಳೆ ಉಡುಪು ಹಾಕಿ, ಆಯುಧ ಹಿಡಿದವರ ಜೊತೆ ಪೀಠದ ಮುಂದೆ ಬಂದ. ಎಲ್ಲರೂ ಸುಮ್ಮನಾದರು, ಒಬ್ಬ ಸಮೇಯಸ್ ಮಾತ್ರ ಎದ್ದು ಮಾತಾಡಿದ. ಈಗ ಸುಮ್ಮನಿರುವ ನಿಮ್ಮನ್ನೇ ಇವನು ಮುಂದೆ ಬಿಡುವುದಿಲ್ಲ ಎಂದ. ಹಾಗೇ ಆಯಿತು. ಅರಸನಾದ ಮೇಲೆ ಹೆರೋದ ಅವರನ್ನು ಕೊಲ್ಲಿಸಿದ, ಸಮೇಯಸ್‌ನನ್ನು ಬಿಟ್ಟ.

ಒಂದು ನಡಾವಳಿ

ಈ ನೆಲ ನೋಡುವ ಕಥೆ ನನ್ನನ್ನು ಬಿಡದೇ ಇರಲು ಒಂದು ಕಾರಣವಿದೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ವಿಚಾರಣಾ ಸಮಿತಿಯ ನಡಾವಳಿ ಬರೆಯುವ ಕೆಲಸ ನನ್ನದಾಗಿತ್ತು. ಗುತ್ತಿಗೆಯ ಮೇಲಿದ್ದ ಒಬ್ಬ ಹುಡುಗನಿಗೆ ಮುಖ್ಯಸ್ಥರ ಆಪ್ತ ಸಹಾಯಕ ಕೆನ್ನೆಗೆ ಹೊಡೆದಿದ್ದ. ಸಮಿತಿಯಲ್ಲಿ ಮೂವರು. ಮೂವರೂ ಒಳ್ಳೆಯವರೇ. ಹುಡುಗ ನಿಂತು ಹೇಳಲು ಶುರು ಮಾಡಿದ್ದ, ಚೆನ್ನಾಗಿಯೇ ಹೇಳುತ್ತಿದ್ದ. ಅಷ್ಟರಲ್ಲಿ ಬಾಗಿಲು ತೆರೆದು ಮುಖ್ಯಸ್ಥರು ಬಂದರು. "ನೀವು ಮುಂದುವರಿಸಿ, ನಾನು ಸುಮ್ನೆ ಕೂತಿರ್ತೀನಿ" ಎಂದು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತರು. ನಿಜಕ್ಕೂ ಒಂದು ಮಾತೂ ಆಡಲಿಲ್ಲ. ಒಬ್ಬ ಸದಸ್ಯರು ಕನ್ನಡಕ ತೆಗೆದು ಒರೆಸಿದರು. ಇನ್ನೊಬ್ಬರು ಓದಿ ಮುಗಿಸಿದ್ದ ದೂರನ್ನು ಮತ್ತೆ ಮೊದಲಿನಿಂದ ಓದತೊಡಗಿದರು. ಅಧ್ಯಕ್ಷತೆ ವಹಿಸಿದ್ದವರು ಮೇಜಿನ ಮೇಲಿನ ಒಂದು ಶಾಯಿ ಕಲೆಯನ್ನೇ ನೋಡುತ್ತಾ "ಮತ್ತೇನಾದರೂ ಇದೆಯೇನಪ್ಪಾ?" ಎಂದರು. ಹುಡುಗ ಗೋಡೆಯ ಕಡೆ ಒಮ್ಮೆ ನೋಡಿದ. ಇಲ್ಲ ಸರ್ ಎಂದ. "ದೂರುದಾರರು ಹೆಚ್ಚಿನ ಹೇಳಿಕೆ ನೀಡಲು ಇಚ್ಛಿಸಲಿಲ್ಲ" ಎಂದು ಬರೆಯಲು ನನಗೆ ಹೇಳಿದರು.

ಆ ಕೋಣೆಯಲ್ಲಿ ಯಾರೂ ಯಾರನ್ನೂ ಹೆದರಿಸಲಿಲ್ಲ. ನಿಯಮ ಪುಸ್ತಕದ ಪ್ರಕಾರ ಮುಖ್ಯಸ್ಥರು ಅಲ್ಲಿ ಕೂರಬಾರದು ಎಂದೂ ಇರಲಿಲ್ಲ. ಅದು ಇರಬೇಕಿತ್ತು.

ಸೋತ ಮೇಲೆ ಬರೆದ ಕಾನೂನು

ಮಿಷ್ನಾದ ಸಾಲನ್ನು ಈಗ ಓದಿದರೆ ಅದರ ಎರಡನೇ ಅರ್ಧಕ್ಕಿಂತ ಮೊದಲ ಅರ್ಧ ದೊಡ್ಡದಾಗಿ ಕಾಣುತ್ತದೆ. ಅರಸನನ್ನು ವಿಚಾರಿಸಲು ಆಗಲ್ಲ ಎಂದು ಪಂಡಿತರು ಸೋಲು ಒಪ್ಪಿಕೊಂಡರು, ನಿಜ. ಆದರೆ ಅದರ ಬೆಲೆ ವಸೂಲಿ ಮಾಡಿದರು. ನಿನ್ನನ್ನು ಕರೆಯಲು ನಮಗೆ ಆಗದಿದ್ದರೆ ನೀನು ಇಲ್ಲಿ ಕೂರುವಂತಿಲ್ಲ. ವಿಚಾರಣೆಗೆ ಸಿಗದವನು ವಿಚಾರಣೆ ಮಾಡಲಾರ. ತಾಲ್ಮುಡ್ ಇದನ್ನು ಬಾಯಿಬಿಟ್ಟು ಹೇಳುತ್ತದೆ, ಮೊದಲು ನಿನ್ನನ್ನು ನೀನು ಸರಿಮಾಡಿಕೋ, ಆಮೇಲೆ ಬೇರೆಯವರನ್ನು ಸರಿಮಾಡು ಎಂದು. ಬೇರೆ ಅರಮನೆಗಳಲ್ಲಿ ಅರಸನೇ ಕೊನೆಯ ನ್ಯಾಯಾಧೀಶನಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ ಅಲ್ವಾ?

ನನ್ನ ಸಮಾಧಾನ ಇಲ್ಲಿಗೇ ನಿಲ್ಲುತ್ತದೆ. 12ನೇ ಶತಮಾನದಲ್ಲಿ ಪಂಡಿತ ಮೈಮೊನಿಡೀಸ್ ಇಡೀ ಹಲಾಖಾವನ್ನು ಅಚ್ಚುಕಟ್ಟಾಗಿ ಜೋಡಿಸಿದಾಗ ಅರಸರ ನಿಯಮಕ್ಕೇ ಒಂದು ಭಾಗ ಇಟ್ಟ. ಮೊದಲ ಅರಸನನ್ನು ನೇಮಿಸಲು 71 ಜನರ ಪೀಠ ಮತ್ತು ಪ್ರವಾದಿ ಬೇಕು ಎಂದ. ಇಸ್ರೇಲಿನ ಅರಸರನ್ನು ವಿಚಾರಿಸಬಾರದು, ಅವರಿಗೆ ಅಹಂಕಾರ, ಅದರಿಂದ ಧರ್ಮಕ್ಕೇ ಹಾನಿ ಎಂದು ನೇರವಾಗಿ ಬರೆದ. ಅದೇ ಕೈಯಲ್ಲಿ ಇನ್ನೊಂದನ್ನೂ ಬರೆದ. ಕೊಲೆಗಾರನಿಗೆ ಶಿಕ್ಷೆ ಕೊಡಲು ಪೀಠಕ್ಕೆ ಇಬ್ಬರು ಸಾಕ್ಷಿಗಳು ಬೇಕು, ಕೊಲ್ಲುವ ಮುಂಚೆ ಎಚ್ಚರಿಕೆ ಕೊಟ್ಟಿರಬೇಕು. ಅರಸನಿಗೆ ಇದು ಬೇಕಿಲ್ಲ. ಲೋಕ ಸರಿಪಡಿಸಲು ಆ ಹೊತ್ತಿಗೆ ಬೇಕು ಅನ್ನಿಸಿದರೆ ಒಬ್ಬನೇ ಸಾಕ್ಷಿಯಿದ್ದರೂ ಅವನು ಕೊಲ್ಲಿಸಬಹುದು.

14ನೇ ಶತಮಾನದ ರಬ್ಬಿ (ಧರ್ಮಗುರು) ನಿಸ್ಸಿಮ್ ಇದಕ್ಕೆ ಒಂದು ಸಿದ್ಧಾಂತವನ್ನೇ ಕಟ್ಟಿದರು. ನ್ಯಾಯಾಧೀಶರ ಕೆಲಸ ದೇವರ ನ್ಯಾಯವನ್ನು ಇದ್ದ ಹಾಗೇ ಹೇಳುವುದು. ಅದರಿಂದ ಊರಿನಲ್ಲಿ ಕೊಲೆಗಾರರು ತಪ್ಪಿಸಿಕೊಂಡರೆ ಆ ಕೊರತೆ ತುಂಬುವುದು ಅರಸನ ಕೆಲಸ. ವಾದ ಅಂದವಾಗಿದೆ. 70 ವರ್ಷಕ್ಕೆ ಒಬ್ಬನಿಗೆ ಮರಣದಂಡನೆ ಕೊಟ್ಟರೂ ಅದು ಕೊಲೆಗಡುಕ ಪೀಠ ಎಂದ ಪಂಡಿತರ ಮಾತು ಮಿಷ್ನಾದಲ್ಲಿದೆ. ನಾವಿದ್ದಿದ್ದರೆ ಯಾರನ್ನೂ ಕೊಲ್ಲಿಸುತ್ತಿರಲಿಲ್ಲ ಎಂದ ರಬ್ಬಿ ಅಕಿವಾ ಇದ್ದಾನೆ. ಹಾಗೆ ಮಾಡಿದರೆ ಕೊಲೆಗಾರರು ಜಾಸ್ತಿ ಆಗುತ್ತಿದ್ದರು ಎಂದು ಅವನಿಗೆ ಎದುರು ಹೇಳಿದವನೂ ಅಲ್ಲೇ ಇದ್ದಾನೆ. ನ್ಯಾಯಾಲಯ ಇಷ್ಟು ಶುದ್ಧವಾಗಿರಲು ಸಾಧ್ಯವಾಗಿದ್ದು ಪಕ್ಕದ ಮನೆಯಲ್ಲಿ ಒಬ್ಬ ಅರಸ ಇದ್ದದ್ದಕ್ಕೇನಾ ಎಂಬ ಅನುಮಾನ ನನ್ನದು. ಆ ಅರಸ ಯನ್ನಾಯ್ ಆದರೆ? ಲಿಸ್ಬನ್‌ನಲ್ಲಿ ಹುಟ್ಟಿ, ಪೋರ್ಚುಗಲ್ ಮತ್ತು ಸ್ಪೇನ್ ಅರಸರ ಹಣಕಾಸು ನೋಡಿಕೊಂಡು, 1492ರಲ್ಲಿ ತನ್ನವರ ಜೊತೆ ಸ್ಪೇನ್‌ನಿಂದ ಹೊರಬಿದ್ದ ಇಸಾಕ್ ಅಬ್ರವನೆಲ್ ಅರಸರೇ ಬೇಡ ಎಂದ. ವೆನಿಸ್, ಫ್ಲಾರೆನ್ಸ್ ನೋಡಿ, ಅರಸ ಇಲ್ಲದೆ ಎಷ್ಟು ಚೆನ್ನಾಗಿ ನಡೆಯುತ್ತಿವೆ ಎಂದ. ಅರಮನೆಯ ಒಳಗಿದ್ದು ಬಂದವನ ಮಾತು. ನನಗೆ ಅವನ ಕಡೆಯೇ ಒಲವು.

ಅರಸ ಇಲ್ಲದ ಕಾಲ

ರಾಜ್ಯ ಹೋದ ಮೇಲೂ ಈ ಹಂಚಿಕೆ ಹೋಗಲಿಲ್ಲ. ಇದು ನನಗೆ ಎಲ್ಲಕ್ಕಿಂತ ಆಶ್ಚರ್ಯ. ಬಾಬಿಲೋನಿನ ಯೆಹೂದಿಗಳಿಗೆ ದಾವೀದನ ವಂಶದವನೆಂದು ಗೌರವಿಸುವ ಒಬ್ಬ ದೇಶಭ್ರಷ್ಟರ ನಾಯಕ ಇದ್ದ. ತೆರಿಗೆ, ಖಲೀಫನ ಜೊತೆ ವ್ಯವಹಾರ ಅವನದು. ಸುರಾ ಮತ್ತು ಪುಂಬೆದಿತಾ ಎಂಬ ಎರಡು ವಿದ್ಯಾಪೀಠಗಳ ಮುಖ್ಯಸ್ಥರು, ಗಾವೋನ್‌ಗಳು, ಶಾಸ್ತ್ರ ಹೇಳುತ್ತಿದ್ದರು. ಆ ನಾಯಕನ ಹೆಸರು ನಮ್ಮ ಕರಾವಳಿಯ ತನಕ ಬಂದಿತ್ತು. ಟ್ಯುನೀಷಿಯಾ ಕಡೆಯ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ನೆಲೆಸಿದ್ದ. 1132ರ ಅಕ್ಟೋಬರ್‌ನಲ್ಲಿ ಅವನು ಆಶು ಎಂಬ ದಾಸಿಗೆ ಬಿಡುಗಡೆ ಪತ್ರ ಬರೆದುಕೊಟ್ಟ. ಅದರಲ್ಲಿ ಮಂಗಳೂರಿನ ಹೆಸರಿದೆ, ಬಾಗ್ದಾದಿನ ನಾಯಕ ದಾನಿಯೇಲನ ಹೆಸರೂ ಇದೆ. ಆ ಹಾಳೆ ಕೈರೋದ ಸಿನಗಾಗ್‌ನ ಹಳೇ ಕಾಗದಗಳ ರಾಶಿಯಲ್ಲಿ ಉಳಿದುಕೊಂಡಿತು.

ಅದಕ್ಕೆ ಸುಮಾರು 200 ವರ್ಷ ಹಿಂದೆ ಅದೇ ಹುದ್ದೆಯಲ್ಲಿ ದಾವೀದ್ ಬೆನ್ ಝಕ್ಕಾಯ್ ಇದ್ದ. 928ರಲ್ಲಿ ಸಾದಿಯಾ ಎಂಬ ಪಂಡಿತನನ್ನು ಈಜಿಪ್ಟ್ ಮೂಲದವನಾದರೂ ಸುರಾದ ಗಾವೋನ್ ಮಾಡಿದ್ದು ಅವನೇ. ಎರಡು ವರ್ಷಕ್ಕೆ ಒಂದು ಆಸ್ತಿ ವ್ಯಾಜ್ಯ ಬಂತು. ತೀರ್ಪಿನ ಪತ್ರ ಸಿದ್ಧವಾಗಿತ್ತು. ಆಸ್ತಿಯ ಹತ್ತನೇ ಒಂದು ಪಾಲು ನಾಯಕನಿಗೇ ಸಿಗುವಂತಿತ್ತು. ಪುಂಬೆದಿತಾದ ಗಾವೋನ್ ಸಹಿ ಹಾಕಿದ. ಸಾದಿಯಾ ಹಾಕಲಿಲ್ಲ. ನಾಯಕ ಮಗನನ್ನು ಕಳಿಸಿದ. ತೀರ್ಪಿನಲ್ಲಿ ಮುಖ ನೋಡಬೇಡಿ ಎಂದು ತೋರಾ ಹೇಳುತ್ತದೆ, ನಿಮ್ಮ ಅಪ್ಪನಿಗೆ ಹೇಳು ಎಂದ ಸಾದಿಯಾ. ಮಗ ಕೈ ಎತ್ತಿದ. ಸಾದಿಯಾ ಕಡೆಯವರು ಅವನನ್ನು ಹೊರಗೆ ದಬ್ಬಿದರು. ನಾಯಕ ಹೊಸ ಗಾವೋನ್‌ನನ್ನು ನೇಮಿಸಿದ, ಸಾದಿಯಾ ಹೊಸ ನಾಯಕನನ್ನು ಘೋಷಿಸಿದ, ಒಬ್ಬರ ಮೇಲೊಬ್ಬರು ಬಹಿಷ್ಕಾರ ಹಾಕಿದರು. ರಾಜಿಯಾಗಿದ್ದು 937ರಲ್ಲಿ. ತನ್ನನ್ನು ಕುರ್ಚಿಯಲ್ಲಿ ಕೂರಿಸಿದವನಿಗೇ ಸಹಿ ಇಲ್ಲ ಎಂದ ಈ ಮನುಷ್ಯ ನನಗೆ ಶಿಮೋನ್‌ಗಿಂತ ಹತ್ತಿರದವನು. ಅವನ ಹಿಂದೆ ದೇವದೂತ ಇರಲಿಲ್ಲ.

ಇಸ್ರೇಲಿನಲ್ಲಿ 2023ರಲ್ಲಿ ಸರ್ಕಾರ ಸುಪ್ರೀಂ ಕೋರ್ಟ್‌ನ ಅಧಿಕಾರ ಕಡಿಮೆ ಮಾಡಲು ಹೊರಟಾಗ, ವಾರ ವಾರ ಜನ ಬೀದಿಗೆ ಇಳಿದಾಗ, ನಾನು ಈ ಹಳೆಯ ಪುಟಗಳನ್ನೇ ತೆರೆದು ಕೂತಿದ್ದೆ. ಇಂದಿನ ಇಸ್ರೇಲ್ ಹಲಾಖಾದ ರಾಜ್ಯವಲ್ಲ. ಅಲ್ಲಿ ಯೆಹೂದಿಗಳ ಮದುವೆ ವಿಚ್ಛೇದನ 1953ರ ಕಾಯ್ದೆಯ ಪ್ರಕಾರ ರಬ್ಬಿಗಳ ನ್ಯಾಯಾಲಯಕ್ಕೆ ಸೇರಿದೆ, ಉಳಿದದ್ದೆಲ್ಲ ಬಹುಪಾಲು ಅಲ್ಲಿನ ಸಂಸತ್ತು ಕ್ನೆಸೆಟ್‌ನ ಕಾನೂನು. ಮಿಷ್ನಾದಿಂದ ಇಂದಿನ ಜಗಳಕ್ಕೆ ನೇರ ತೀರ್ಪು ತೆಗೆಯುವುದು ಸರಿಯಲ್ಲ. ಬಹುಮತದಿಂದ ಆಯ್ಕೆಯಾದ ಸರ್ಕಾರ ಯನ್ನಾಯ್ ಅಲ್ಲ. ಯಾರೂ ಆರಿಸದ ನ್ಯಾಯಾಧೀಶರಿಗೆ ಎಷ್ಟು ಅಧಿಕಾರ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಆದರೂ ಸರ್ಕಾರದ ತೀರ್ಮಾನ ತೀರಾ ಅಸಮಂಜಸ ಎಂಬ ಕಾರಣಕ್ಕೆ ಕೋರ್ಟ್ ಅದನ್ನು ರದ್ದು ಮಾಡಬಾರದು ಎಂದು ಜುಲೈನಲ್ಲಿ 64–0 ಮತದಿಂದ ಕಾನೂನು ಪಾಸಾದಾಗ, ವಿರೋಧ ಪಕ್ಷದವರು ಮತ ಹಾಕದೆ ಎದ್ದು ಹೋದಾಗ, ನನಗೆ ಆತಂಕವಾಯಿತು. 2024ರ ಜನವರಿ 1ರಂದು, ಗಾಜಾದಲ್ಲಿ ಯುದ್ಧ ನಡೆಯುತ್ತಿರುವಾಗಲೇ, ಕೋರ್ಟ್ ಅದನ್ನು ರದ್ದು ಮಾಡಿತು. ಪೀಠದಲ್ಲಿ 15 ನ್ಯಾಯಾಧೀಶರು, 8 ಜನ ಈ ಕಡೆ, 7 ಜನ ಆ ಕಡೆ. ಆ 7 ಜನರದ್ದು ಶರಣಾಗತಿ ಎಂದು ನಾನು ಹೇಳಲಾರೆ. ಸರ್ಕಾರಕ್ಕೆ ಬೇಕಾದ್ದನ್ನು ಬರೆದವರೂ ತಮ್ಮ ಕಾರಣವನ್ನು ತಮ್ಮ ಹೆಸರಿನಲ್ಲೇ ಬರೆದರು. ನನ್ನ ಒಪ್ಪಿಗೆ 8 ಜನರ ಕಡೆಗಿದೆ. ನ್ಯಾಯಾಧೀಶರನ್ನು ಆರಿಸುವ ಸಮಿತಿಯಲ್ಲಿ ರಾಜಕಾರಣಿಗಳ ಕೈ ಮೇಲಾಗಬೇಕೋ ಬೇಡವೋ ಎಂಬ ಜಗಳ ಆ ತೀರ್ಪಿನಿಂದ ಮುಗಿಯಲಿಲ್ಲ.